ಎಲಿಫೆಂಟಾಗೆ ಹೋಗಿ ಬಂದ್ವಿ, ಫೋಟೋ ಮಾತ್ರ ಕೇಳ್ಬೇಡಿ

ಇಲ್ಲ, ನಂಗೆ ಇದನ್ನ ಬಿಡೋಕಾಗ್ತಿಲ್ಲ. ಅಷ್ಟು ಜನದ ಎದುರು, ಮೆಟ್ಲು ಮಧ್ಯ, ಅತ್ತೇನ ಹೊತ್ತಿದ್ದ ಆ ಡೋಲಿಯವನು "ಮಾತಾಜಿ ಕಾ ವಜನ್ ಜ್ಯಾದಾ ಹೈ", ಅಮ್ಮನ ತೂಕ ಜಾಸ್ತಿ, ಅಂದ್ನಲ್ಲ! ಕಿವೀಲೇ ಕೂತಿದೆ ಅದು.

ಮುಂಬೈ ಹತ್ರದ ಎಲಿಫೆಂಟಾ ದ್ವೀಪದ ಗುಹೆ ಸೋಮವಾರ ಬಂದ್ ಇರುತ್ತೆ ಅಂತ ಭಾನುವಾರ ಹೊರಟಿದ್ದು. ಇಡೀ ಮುಂಬೈ ಅದೇ ಲೆಕ್ಕ ಹಾಕಿತ್ತು. ಡೊಂಬಿವಲಿಯಿಂದ ಲೋಕಲ್ಲಲ್ಲಿ ನುಗ್ಗಾಡ್ಕೊಂಡು ಗೇಟ್‌ವೇಗೆ ಬಂದು, ಬಿಸಿಲಲ್ಲಿ ಕ್ಯೂ ನಿಂತು, ಒಂದು ಗಂಟೆ ಬೋಟು, ಮೇಲಿನ ಡೆಕ್ಕಲ್ಲಿ ಕೂರಕ್ಕೆ ಬೇರೆ ದುಡ್ಡು, ಇಳಿದ್ರೆ ಪಂಚಾಯ್ತಿ ಟ್ಯಾಕ್ಸು, ಪುಟಾಣಿ ರೈಲಿಗೆ ಇನ್ನೊಂದಿಷ್ಟು. ಹೋಗ್ಲಿ, ಇದೆಲ್ಲ ಇರೋದೇ.

ಅತ್ತೆಗೆ ಮಂಡಿನೋವು. ಮೇಲಕ್ಕೆ ನೂರಿಪ್ಪತ್ತು ಮೆಟ್ಲು. ಡೋಲಿ ಮಾಡಿ ಅಂದಿದ್ದು ಯಜಮಾನ್ರೇ, ರೇಟ್ ಮಾತಾಡಿದ್ದು ನಾನು, ಹೋಗಿ ಬರೋಕೆ 1500 ಅಂತ ಒಪ್ಕೊಂಡು ನಾಲ್ಕು ಜನ ಕುರ್ಚಿ ಎತ್ತಿದ್ರು. ಅರ್ಧ ಹತ್ತಿದ್ದಾರೆ ಅಷ್ಟೇ, ಎರಡೂ ಕಡೆ ಸರ ಬಳೆ ಟೋಪಿ ಮಾರೋ ಅಂಗಡಿ, ಅಲ್ಲಿ ದಾರಿ ಮಧ್ಯಕ್ಕೇ ಕುರ್ಚಿ ಇಳಿಸ್ಬಿಟ್ರು. ಅತ್ತೆ ಕುರ್ಚಿ ಮೇಲೆ, ಮಡಿಲಲ್ಲಿ ಚಕ್ಲಿ ಡಬ್ಬಿ, ಹಿಂದೆ ಜನ ಜಾಮ್ ಆಗಿದ್ದಾರೆ. ಮುಂದಿದ್ದವನು ಬೆವರು ಒರೆಸ್ಕೊಂಡು ಆ ಮಾತು ಅಂದು, 2500 ಕೊಡಿ, ಇಲ್ಲ ಅಂದ್ರೆ ಇಲ್ಲೇ ಇಳ್ಕೊಳ್ಳಿ ಅಂದ. ನಾನು "ಕೆಳಗೇ ಅತ್ತೇನ ನೋಡ್ಕೊಂಡು ತಾನೇ ರೇಟ್ ಹೇಳಿದ್ದು ನೀನು, ಅವಾಗ ಕಾಣಿಸ್ಲಿಲ್ವಾ" ಅಂದೆ. ಅದೂ ನನ್ನ ಹಿಂದಿಯಲ್ಲಿ! ಬಾಯಿಗೆ ಏನು ಬಂತೋ ದೇವ್ರಿಗೇ ಗೊತ್ತು, ಪಕ್ಕದ ಅಂಗಡಿಯವಳು ಕಿಸಕ್ ಅಂದ್ಲು. ಅತ್ತೆ ಬೇರೆ "ಏನಂತಾನೆ ಕಣೇ ಅವ್ನು? ಏನಂತಾನೆ?" ಅಂತ ಬಿಡದೆ ಕೇಳ್ತಾರೆ. ಏನಂತ ಹೇಳ್ಲಿ? ಸುಸ್ತಾಯ್ತಂತೆ ಅತ್ತೆ ಅಂದೆ. ಕೆಂಪು ಟೋಪಿ ಹುಡುಗ ಒಬ್ಬ ಮೊಬೈಲ್ ಎತ್ತಿ ಹಿಡಿದಿದ್ದ. ಹಿಂದಿನಿಂದ ಯಾರೋ "ಅರೇ ದೇದೋ ನಾ ಮೇಡಂ" ಅಂತ ಉಪದೇಶ. ನಮ್ಮ ಯಜಮಾನ್ರು? ಮಗನಿಗೆ ಜೋಳ ಕೊಡಿಸ್ತಾ ಇದ್ರಂತೆ. ಹತ್ತು ಮೆಟ್ಲು ಕೆಳಗೆ. ಕಾಣಿಸ್ಲೇ ಇಲ್ವಂತೆ.

ಕೊಟ್ಟೆ. 2500ಕ್ಕೆ ಒಪ್ಕೊಂಡೆ, ಇನ್ನೇನ್ ಮಾಡ್ಲಿ, ಅತ್ತೇನ ನಾನು ಹೊತ್ಕೊಂಡು ಹೋಗ್ಲಾ?

ಗುಹೆ ಒಳಗೆ ಆ ಇಪ್ಪತ್ತು ಅಡಿ ತ್ರಿಮೂರ್ತಿ ಎದುರು ನಿಂತಿದ್ರೂ ತಲೇಲಿ ಸಾವಿರ ರೂಪಾಯಿ. ಮುಖಗಳು ಅಷ್ಟು ಶಾಂತವಾಗಿವೆ, ನಂಗೆ ಅದಕ್ಕೂ ಸಿಟ್ಟು ಬಂತು. ಮಗ ಒಂದೇ ಸಮ "ಆನೆ ಎಲ್ಲಿ?" ಅಂತಾನೆ. ಹೆಸರಿಗೆ ಕಾರಣವಾದ ಕಲ್ಲಾನೆ ಇಲ್ಲಿಲ್ಲಪ್ಪ, ಇಂಗ್ಲೆಂಡಿಗೆ ಸಾಗಿಸೋಕೆ ಹೋಗಿ ಬ್ರಿಟಿಷರು 1864ರಲ್ಲಿ ಬೀಳಿಸಿ ಒಡೆದ್ರು, ಈಗ ಭಾಯ್‌ಖಳಾದಲ್ಲಿ ಜಿಜಾಮಾತಾ ಉದ್ಯಾನದಲ್ಲಿದೆ ಅಂದೆ. ಲೋಕಲ್ಲಲ್ಲಿ ಬರ್ತಾ ಭಾಯ್‌ಖಳಾ ದಾಟ್ಕೊಂಡೇ ಬಂದಿದ್ವಿ! ಅವನು ಅಲ್ಲೇ ಅಳೋಕೆ ಶುರು. ಅಷ್ಟರಲ್ಲಿ ಕೋತಿ ಬಂದು ಚಕ್ಲಿ ಡಬ್ಬಿ ಎತ್ಕೊಂಡು ಹೋಯ್ತು. ತಿನ್ಲಿ ಬಿಡಿ, ಅದೊಂದೇ ರೇಟ್ ಹೇಳದೆ ತಗೊಂಡಿದ್ದು.

ಬೋಟಲ್ಲಿ ವಾಪಸ್ ಬರ್ತಾ ಯಜಮಾನ್ರು ಶುರು ಮಾಡಿದ್ರು, ನಮ್ಮ ಪುಲಿಕೇಶಿ ನೂರಾರು ಹಡಗು ತಗೊಂಡು ಬಂದು ಪುರಿ ಗೆದ್ದ ಅಂತ ಐಹೊಳೆ ಶಾಸನದಲ್ಲಿದೆ, ಆ ಪುರಿ ಈ ಘಾರಾಪುರಿನೇ, ಅಂದ್ರೆ ಎಲಿಫೆಂಟಾನೇ ಅಂತ ಕೆಲವರು ಹೇಳ್ತಾರೆ ಗೊತ್ತಾ ಅಂತ. ಗೊತ್ತು ರೀ. ಅವನು ಡೋಲಿ ಮಾಡಿರ್ಲಿಲ್ಲ. ಕನ್ನಡದ ಸೈನ್ಯ ಬಂದು ಗೆದ್ದ ಜಾಗದಲ್ಲಿ ಕನ್ನಡದ ಸೊಸೆ ಸಾವಿರ ರೂಪಾಯಿಗೆ ಸೋತ್ಲು ಅಂತ ನಾನೂ ಒಂದು ಶಾಸನ ಕೆತ್ತಿಸ್ಬೇಕು.

ಹೊರೋರ ಮೇಲೆ ಸಿಟ್ಟಿಲ್ಲ ಅಂತೀನಿ. ಆ ಬಿಸಿಲು, ಆ ಮೆಟ್ಲು, ಭುಜದ ಮೇಲೆ ಮನುಷ್ಯರು, ಯಾರಿಗೆ ಬೇಕು ಆ ಕೆಲಸ? ಹೆಚ್ಚು ಕೇಳ್ಲಿ ಸ್ವಾಮಿ, ಮೂರು ಸಾವಿರ ಕೇಳ್ಲಿ, ಆದ್ರೆ ಕೆಳಗೆ ಕೇಳ್ಲಿ! ಮುದುಕೀನ ಮಧ್ಯದಲ್ಲಿ ಕೂರಿಸ್ಕೊಂಡು ಕೇಳೋದು ಯಾವ ನ್ಯಾಯ? ಅಲ್ಲ, ಸಿಟ್ಟಿದೆ. ತುಂಬಾ ಇದೆ. ಗುಹೆ ಟಿಕೆಟ್ 40 ರೂಪಾಯಿ ಅಂತ ಬೋರ್ಡ್ ಹಾಕೋರಿಗೆ ಡೋಲಿಗೊಂದು ಬೋರ್ಡ್ ಹಾಕೋಕೆ ಏನು ಕಷ್ಟ? ನಂಗಂತೂ ಎಲ್ಲೂ ಕಾಣ್ಲಿಲ್ಲ. ಮುಂಬೈಲಿರೋರು ಯಾರಾದ್ರೂ ಹೇಳಿ, ಇದಕ್ಕೆ ಸರ್ಕಾರದ ರೇಟ್ ಅಂತ ಏನಾದ್ರೂ ಇದ್ಯಾ? ಯಾರನ್ನ ಕೇಳ್ಬೇಕು?

ಇದನ್ನ ಬರೀತಿರೋವಾಗ ಪಕ್ಕದ ರೂಮಲ್ಲಿ ಅತ್ತೆ ಊರಿಗೆ ಫೋನ್ ಮಾಡಿ ಹೇಳ್ತಿದ್ದಾರೆ, "ಪಲ್ಲಕ್ಕೀಲಿ ಹೋದೆ ಕಣೇ, ರಾಜಮಾತೆ ಥರ. ನಮ್ಮ ಸೊಸೇನೇ ಮಧ್ಯದಲ್ಲಿ ನಿಲ್ಲಿಸಿ ಚೌಕಾಸಿಗೆ ಕೂತ್ಲು, ಮಾನ ಹೋಯ್ತು."