ಸತ್ಯಾಂಶ: ಬೇಗ ಹುಟ್ಟಿದ ಮಗುವಿಗೆ ‘ಎರಡು ವರ್ಷ ಕಾಯಿರಿ’ ಅನ್ನಬಹುದಾ?

‘ದಿನ ತುಂಬದೆ ಹುಟ್ಟಿದ ಮಗು ನಿಧಾನವೇ. ಎರಡು ವರ್ಷ ಕಾಯಿರಿ, ತಾನೇ ಸರಿಹೋಗುತ್ತೆ’ ಎಂಬ ಫಾರ್ವರ್ಡ್ ನಿಮಗೂ ಬಂದಿರಬೇಕು, ಅಲ್ವಾ? ಅದರಲ್ಲಿ ಅರ್ಧ ಮಾತ್ರ ನಿಜ.

ಬೆಳವಣಿಗೆ ನೋಡುವಾಗ ವಯಸ್ಸನ್ನು ಡ್ಯೂ ಡೇಟ್‌ನಿಂದ ಎಣಿಸಬೇಕು. 32 ವಾರಕ್ಕೆ, ಅಂದರೆ ಸುಮಾರು ಎರಡು ತಿಂಗಳು ಮೊದಲೇ ಹುಟ್ಟಿ 6 ತಿಂಗಳಾದ ಮಗುವನ್ನು 4 ತಿಂಗಳ ಮಗುವಿಗೆ ಹೋಲಿಸಿ. ಸುಮ್ನೆ ಗಾಬರಿ ಬೇಡ.

ಆದರೆ ತಪಾಸಣೆಗೆ ಕಾಯಬಾರದು. ಹೀಗೆ ಎಣಿಸಿದ 3ರಿಂದ 5 ತಿಂಗಳಲ್ಲಿ, ಎಚ್ಚರವಾಗಿ ಅಂಗಾತ ಮಲಗಿದ ಮಗುವಿನ ಕತ್ತು, ಮಣಿಕಟ್ಟು, ಕಾಲುಗಳಲ್ಲಿ ಪುಟ್ಟಪುಟ್ಟ ಚಲನೆಗಳು ಕಾಣುತ್ತವೆ. ತರಬೇತಿ ಪಡೆದವರು ಕೆಲವೇ ನಿಮಿಷದ ವಿಡಿಯೋದಲ್ಲಿ ಅವನ್ನು ಗುರುತಿಸುತ್ತಾರೆ. ಅವು ಇಲ್ಲದಿದ್ದರೆ ಸೆರೆಬ್ರಲ್ ಪಾಲ್ಸಿಯ (ಮಿದುಳಿನ ಹಾನಿಯಿಂದ ಕೈಕಾಲುಗಳ ಚಲನೆಗೆ ಬರುವ ತೊಂದರೆ) ಸಾಧ್ಯತೆ ಜಾಸ್ತಿ. ಥೆರಪಿ ಆಗಲೇ ಶುರು ಮಾಡಬಹುದು. ಮಗು ಒಂದೇ ಕೈ ಆಡಿಸುತ್ತಾ, ಇನ್ನೊಂದರ ಮುಷ್ಟಿ ಬಿಚ್ಚದಿದ್ದರೂ ಡಾಕ್ಟರಿಗೆ ತೋರಿಸಿ. ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲಾ ಕೇಂದ್ರ) ಇವೆ.