ಕಾರ್ ಪತ್ರಿಕೆ ಹೋದರೆ ಹೋಗಲಿ, ರೋಡ್ ಟೆಸ್ಟ್ ಯಾರು ಮಾಡ್ತಾರೆ?

ನಮ್ಮೂರ ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ಕಾರಿನ ಪತ್ರಿಕೆಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿ ನೇತುಹಾಕುತ್ತಿದ್ದ ದಾರದಲ್ಲಿ ಈಗ ಚಿಪ್ಸ್ ಪ್ಯಾಕೆಟ್ಟುಗಳಿವೆ. ಅಂಗಡಿಯವರನ್ನು ಕೇಳಿದರೆ, "ಅದನ್ನ ಯಾರು ತಗೋತಾರೆ ಸಾರ್, ತರಿಸೋದೇ ಬಿಟ್ಟೆ" ಅಂದರು. ಈ ವಿಷಯ ಬಂದಾಗಲೆಲ್ಲ ನಮ್ಮ ವಯಸ್ಸಿನವರು ಹೊಳೆಯೋ ಕಾಗದ, ಹೊಸ ಸಂಚಿಕೆಯ ವಾಸನೆ, ನಡುಪುಟದ ಪೋಸ್ಟರು ಅಂತ ಹಳಹಳಿಸೋಕೆ ಶುರು ಮಾಡ್ತಾರೆ. ನನಗೆ ಕಾಗದದ ಮೇಲೆ ಅಂಥ ವ್ಯಾಮೋಹ ಏನಿಲ್ಲ. ಮನೆ ಬದಲಾಯಿಸುವಾಗ ಗೆದ್ದಲು ಹಿಡಿದ ಸಂಚಿಕೆಗಳನ್ನು ನಾನೇ ರದ್ದಿಗೆ ಹಾಕಿದ್ದೇನೆ, ಬೇಜಾರೂ ಆಗಲಿಲ್ಲ. ನನ್ನ ತಕರಾರು ಬೇರೆ. ಆ ಪತ್ರಿಕೆಗಳ ಜೊತೆಗೆ ಒಂದು ಕೆಲಸವೂ ನಿಂತುಹೋಗ್ತಾ ಇದೆ. ಅದನ್ನು ಎತ್ತಿಕೊಳ್ಳೋರು ಕಾಣ್ತಿಲ್ಲ.

ಎಷ್ಟರ ಮಟ್ಟಿಗೆ ಬಂದಿದೆ ಅಂತ ಮೊದಲು ಹೇಳಿಬಿಡ್ತೀನಿ. ಅಮೆರಿಕದಲ್ಲಿ 'ಹಾಟ್ ರಾಡ್' 1948ರಲ್ಲಿ, 'ಮೋಟರ್ ಟ್ರೆಂಡ್' 1949ರಲ್ಲಿ ಶುರುವಾದವು. ಇವೆರಡನ್ನೂ ನಡೆಸುತ್ತಿದ್ದ ಸಂಸ್ಥೆ 2019ರ ಡಿಸೆಂಬರ್‌ನಲ್ಲಿ ತನ್ನ 22 ಪತ್ರಿಕೆಗಳ ಪೈಕಿ 19ರ ಮುದ್ರಣವನ್ನು ಒಂದೇ ಏಟಿಗೆ ನಿಲ್ಲಿಸಿತು. 'ಲೋರೈಡರ್', 'ಕಾರ್ ಕ್ರಾಫ್ಟ್', 'ಸೂಪರ್ ಸ್ಟ್ರೀಟ್' ಎಲ್ಲವೂ ಹೋದವು. 1986ರಲ್ಲಿ ಡೇವಿಡ್ ಇ. ಡೇವಿಸ್ ಕಟ್ಟಿದ 'ಆಟೊಮೊಬೈಲ್' ಕೂಡ ಅದೇ ಪಟ್ಟಿಯಲ್ಲಿತ್ತು. ಕೊರೊನಾ ಆಗಿನ್ನೂ ಬಂದಿರಲಿಲ್ಲ, ಅದು ನೆನಪಿರಲಿ. 2024ರ ಕೊನೆಗೆ ಮೋಟರ್ ಟ್ರೆಂಡ್ ಹರ್ಸ್ಟ್ ಸಂಸ್ಥೆಯ ಪಾಲಾಯಿತು. 'ಕಾರ್ ಆಂಡ್ ಡ್ರೈವರ್', 'ರೋಡ್ ಆಂಡ್ ಟ್ರ್ಯಾಕ್' 2011ರಿಂದಲೇ ಆ ಮನೆಯಲ್ಲಿದ್ದವು. ದಶಕಗಟ್ಟಲೆ ಜಿದ್ದಿಗೆ ಬಿದ್ದು ಬರೆದವರೆಲ್ಲ ಈಗ ಒಂದೇ ಸೂರಿನಡಿ.

ಎಲ್ಲರೂ ಯೂಟ್ಯೂಬಿನ ಕಡೆ ಬೆರಳು ತೋರಿಸ್ತಾರೆ. ಅದಕ್ಕೂ ಮೊದಲೇ ಬುಡ ಅಲ್ಲಾಡಿತ್ತು. ಬ್ರಿಟನ್ನಿನ 'ಆಟೊ ಟ್ರೇಡರ್' ಅಂದರೆ ಪೂರ್ತಿ ಸೆಕೆಂಡ್ ಹ್ಯಾಂಡ್ ಗಾಡಿಗಳ ಜಾಹೀರಾತು. 1977ರಲ್ಲಿ ಹುಟ್ಟಿದ್ದು 2013ರ ಜೂನ್‌ನಲ್ಲಿ ಮುದ್ರಣ ನಿಲ್ಲಿಸಿ, ಪೂರ್ತಿ ವೆಬ್‌ಸೈಟ್ ಆಗಿ, ಮೊದಲಿಗಿಂತ ಚೆನ್ನಾಗಿ ದುಡ್ಡು ಮಾಡ್ತಿದೆ. ಹಳೇ ಗಾಡಿ, ಬಿಡಿಭಾಗ ಅಂತ ಪತ್ರಿಕೆಗಳ ಹಿಂದಿನ ಪುಟಗಳಲ್ಲಿ ತುಂಬಿರುತ್ತಿದ್ದ ವರ್ಗೀಕೃತ ಜಾಹೀರಾತುಗಳು ಹೀಗೆ ಮೊದಲು ಕೈಬಿಟ್ಟವು. ಆಮೇಲೆ ಹೊಸ ಕಾರಿನ ಕಂಪನಿಗಳೂ ಜಾಹೀರಾತಿನ ದುಡ್ಡನ್ನು ಮೊಬೈಲ್ ಪರದೆಗೆ ತಿರುಗಿಸಿದವು. ಓದುಗ ಕೊಡುವ ಬೆಲೆಯಲ್ಲಿ ಕಾಗದದ ಖರ್ಚು ಹುಟ್ಟಿದರೆ ಅದೇ ದೊಡ್ಡದು. ಮಾರದೆ ಉಳಿದ ಪ್ರತಿಗಳು ಅಂಗಡಿಯಿಂದ ವಾಪಸ್ ಬರುತ್ತವೆ, ಅದರ ನಷ್ಟವೂ ಪ್ರಕಾಶಕನ ತಲೆಗೇ. ಇನ್ನು ಬಟ್ಟೆ ಸುತ್ತಿಕೊಂಡು ಓಡಾಡುವ ಹೊಸ ಮಾಡೆಲ್ಲಿನ ಫೋಟೊ, ಅಂದರೆ ಸ್ಪೈ ಶಾಟ್, ಒಂದು ಕಾಲಕ್ಕೆ ಮುಖಪುಟ ಮಾರುತ್ತಿತ್ತು. 2004ರಲ್ಲಿ ಟೀಮ್-ಬಿಎಚ್‌ಪಿ ಅನ್ನೋ ಕಾರುಪ್ರಿಯರ ವೆಬ್‌ಸೈಟ್ ಬಂದ ಮೇಲೆ ರಸ್ತೆಯಲ್ಲಿ ಕಂಡವರೇ ತೆಗೆದು ಹಾಕೋಕೆ ಶುರು ಮಾಡಿದರು. ಅಚ್ಚಿಗೆ ಹೋಗಿ ಅಂಗಡಿಗೆ ಬರುವಷ್ಟರಲ್ಲಿ ಪತ್ರಿಕೆಯ ಸುದ್ದಿ ಹಳಸಿರುತ್ತಿತ್ತು.

ನಮ್ಮ ದೇಶದಲ್ಲಿ ಇವುಗಳ ಒಳ್ಳೆಯ ಕಾಲ ಶುರುವಾದದ್ದು ತೀರಾ ಹಿಂದೇನಲ್ಲ. 'ಓವರ್‌ಡ್ರೈವ್' 1998ರಲ್ಲಿ, 'ಆಟೊಕಾರ್ ಇಂಡಿಯಾ' 1999ರಲ್ಲಿ. ಸ್ಯಾಂಟ್ರೊ, ಮಾಟಿಜ್, ಇಂಡಿಕಾ ಬಂದದ್ದೂ ಅದೇ ಹೊತ್ತಿಗೆ. ಬಿಡದಿಯಿಂದ ಕ್ವಾಲಿಸ್ ಹೊರಬಿದ್ದದ್ದು 2000ದಲ್ಲಿ. ಅಲ್ಲಿಯವರೆಗೆ ಕಾರು ಅಂದರೆ ಬಹುತೇಕ ಮಾರುತಿ, ಇಲ್ಲವೇ ಅಂಬಾಸಿಡರ್, ಪದ್ಮಿನಿ. ಆರಿಸೋಕೆ ಹೆಚ್ಚೇನೂ ಇಲ್ಲದ ಮೇಲೆ ಆರಿಸೋದು ಹೇಗೆ ಅಂತ ಹೇಳಿಕೊಡೋ ಪತ್ರಿಕೆ ಯಾಕೆ ಬೇಕು? ಒಮ್ಮೆಲೇ ಅಂಗಡಿ ತುಂಬ ಗಾಡಿ ಬಂದಾಗ ಜನಕ್ಕೆ ಗಾಬರಿಯಾಯಿತು, ಪತ್ರಿಕೆ ಬೇಕಾಯಿತು.

ಆ ಗಾಬರಿ ಹೇಗಿತ್ತು ಅನ್ನೋದಕ್ಕೆ ನನ್ನ ಹತ್ತಿರ ಒಂದು ಪುರಾವೆ ಇದೆ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಸಿಕ್ಕ ಒಂದು ಹಳೇ ಸಂಚಿಕೆ. ಮುಖಪುಟ ಹರಿದಿದೆ. ಕೊನೆಯಲ್ಲಿ ಎಲ್ಲ ಕಾರುಗಳ ಬೆಲೆ, ಸಿಸಿ, ಮೈಲೇಜ್, ಉದ್ದ ಅಗಲ ಇರೋ ಪಟ್ಟಿ ಬರುತ್ತಿತ್ತಲ್ಲ, ಆ ಪುಟಗಳಲ್ಲಿ ಯಾರೋ ಪೆನ್ಸಿಲ್ ಹಿಡಿದು ಕೂತಿದ್ದಾರೆ. ಮೂರು ಕಾರಿಗೆ ಸುತ್ತು ಹಾಕಿದ್ದಾರೆ. ಅಂಚಿನಲ್ಲಿ ಮುಂಗಡ ಎಷ್ಟು, ತಿಂಗಳ ಕಂತು ಎಷ್ಟು ಅಂತ ಕೂಡಿ ಕಳೆದ ಲೆಕ್ಕ. ಎರಡು ಸಲ ಅಳಿಸಿ ಮತ್ತೆ ಬರೆದದ್ದು. ಸ್ಯಾಂಟ್ರೊ ಪಕ್ಕದಲ್ಲಿ ಕನ್ನಡದಲ್ಲಿ "ಅಮ್ಮಂಗೆ ಹತ್ತಕ್ಕೆ ಸುಲಭ" ಅಂತಿದೆ. ಇಂಡಿಕಾ ಪಕ್ಕದಲ್ಲಿ "ಡೀಸೆಲ್!" ಅಂತ ಬರೆದು ಕೆಳಗೆ ಗೀಟು. ಪತ್ರಿಕೆ ಇಂಗ್ಲಿಷು, ಲೆಕ್ಕಾಚಾರ ಕನ್ನಡ. ಕೊನೆಗೆ ಯಾವುದನ್ನು ತಗೊಂಡರೋ ಗೊತ್ತಿಲ್ಲ, ಆದರೆ ಆ ಪುಟವನ್ನು ಅವರು ಮನರಂಜನೆಗೆ ಓದಲಿಲ್ಲ.

ನಾನು ಹೇಳುತ್ತಿರುವ ಕೆಲಸ ಇದೇ. ರೋಡ್ ಟೆಸ್ಟ್. ಕಂಪನಿ ಕೊಟ್ಟ ಅಂಕಿಯನ್ನು ಪಕ್ಕಕ್ಕಿಟ್ಟು, ತಾನೇ ಗಾಡಿ ತಂದು, ಅಳೆದು, ಓಡಿಸಿ, ಪೆಟ್ರೋಲ್ ತುಂಬಿಸಿ, ಮತ್ತೆ ಓಡಿಸಿ, ಇದಿಷ್ಟು ಅಂತ ಬರೆಯೋದು.

ಅದರಿಂದ ಏನಾಗಬಹುದು ಅನ್ನೋದಕ್ಕೆ 1997ರ ಕಥೆ ಸಾಕು. ಮರ್ಸಿಡಿಸ್ ಮೊದಲ ಬಾರಿಗೆ ಪುಟ್ಟ ಕಾರು ಮಾಡಿತ್ತು, ಎ-ಕ್ಲಾಸ್. ಕೋಟಿಗಟ್ಟಲೆ ಸುರಿದು ಮಾಡಿದ ಗಾಡಿ. ಸ್ವೀಡನ್ನಿನ 'ಟೆಕ್ನಿಕೆನ್ಸ್ ವಾರ್ಲ್ಡ್' ಪತ್ರಿಕೆಗೆ ಒಂದು ಅಭ್ಯಾಸ ಇತ್ತು. ಅಲ್ಲಿನ ಕಾಡುದಾರಿಯಲ್ಲಿ ದೊಡ್ಡ ಕೊಂಬಿನ ಎಲ್ಕ್ ಅನ್ನೋ ಜಿಂಕೆ ಜಾತಿಯ ಭಾರೀ ಪ್ರಾಣಿ ಹಠಾತ್ತನೆ ರಸ್ತೆಗೆ ಬಂದು ನಿಲ್ಲುತ್ತದೆ. ಆಗ ಸರಕ್ಕನೆ ಪಕ್ಕದ ಲೇನಿಗೆ ಎಳೆದು, ಎದುರಿನ ಗಾಡಿ ಬರುವಷ್ಟರಲ್ಲಿ ಮತ್ತೆ ಸ್ವಂತ ಲೇನಿಗೆ ಬರಬೇಕು. ಇದನ್ನೇ ಕೋನ್‌ಗಳನ್ನಿಟ್ಟು, ಸೀಟು ತುಂಬ ಜನ ಕೂರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದರು. ಅಕ್ಟೋಬರ್ 21ರಂದು ಆ ಪತ್ರಿಕೆಯ ರಾಬರ್ಟ್ ಕೊಲಿನ್ ಎ-ಕ್ಲಾಸ್ ಓಡಿಸಿದರು. ವೇಗ ಗಂಟೆಗೆ 60 ಕಿಲೋಮೀಟರ್ ಆಸುಪಾಸು. ನಮ್ಮ ರಿಂಗ್ ರೋಡಿನಲ್ಲಿ ಆಟೊದವರೂ ಹೋಗೋ ಸ್ಪೀಡು. ಕಾರು ಮಗುಚಿತು.

ಕಂಪನಿ ಮೊದಲು ಪರೀಕ್ಷೆಯದ್ದೇ ತಪ್ಪು ಅಂತ ವಾದಿಸಿತು. ಅಷ್ಟರಲ್ಲಿ ಪೂರ್ವ ಜರ್ಮನಿಯ ಹಳೇ ಡಬ್ಬಾ ಟ್ರಾಬಂಟ್ ಅದೇ ಪರೀಕ್ಷೆಯಲ್ಲಿ ನೆಟ್ಟಗೆ ಪಾಸಾಗಿ, ಯುರೋಪೆಲ್ಲ ನಗಾಡಿತು. ಕೊನೆಗೆ ಮರ್ಸಿಡಿಸ್ ಕೆಲವು ತಿಂಗಳು ಮಾರಾಟ ನಿಲ್ಲಿಸಿ, ಮಾರಿದ್ದ ಗಾಡಿಗಳನ್ನು ವಾಪಸ್ ಕರೆಸಿ, ಸಸ್ಪೆನ್ಷನ್ ಬದಲಾಯಿಸಿ, ಇಎಸ್‌ಪಿ ಅನ್ನೋ ಜಾರದಂತೆ ಹಿಡಿಯುವ ವ್ಯವಸ್ಥೆಯನ್ನು ಪ್ರತಿ ಎ-ಕ್ಲಾಸಿಗೂ ಹಾಕಿಕೊಟ್ಟಿತು. ಅಲ್ಲಿಯವರೆಗೆ ಇಎಸ್‌ಪಿ ದೊಡ್ಡ ಸಾಹೇಬರ ಗಾಡಿಗಳ ಸೊತ್ತು. ಸಣ್ಣ ಕಾರಿಗೆ ಅದು ಇಳಿದು ಬರುವುದಕ್ಕೆ ಒಂದು ಸಣ್ಣ ದೇಶದ ಪತ್ರಿಕೆ, ಒಂದಷ್ಟು ಕೋನ್‌ಗಳು ಕಾರಣವಾದವು.

ಹಾಗಂತ ಪತ್ರಿಕೆಯವರೆಲ್ಲ ಸತ್ಯಹರಿಶ್ಚಂದ್ರರು ಅಂತ ಹೇಳಿದರೆ ನನಗೇ ನಗು ಬರುತ್ತೆ. 1964ರ ಮಾರ್ಚ್‌ನಲ್ಲಿ 'ಕಾರ್ ಆಂಡ್ ಡ್ರೈವರ್' ಪಾಂಟಿಯಾಕ್ ಜಿಟಿಒ ಮತ್ತು ಫೆರಾರಿ ಜಿಟಿಒ ಎದುರುಬದುರು ಅಂತ ಮುಖಪುಟ ಮಾಡಿತು. ಫೆರಾರಿ ಟೆಸ್ಟಿಗೆ ಬಂದೇ ಇರಲಿಲ್ಲ! ಬಂದ ಪಾಂಟಿಯಾಕ್ 4.6 ಸೆಕೆಂಡಿನಲ್ಲಿ ಗಂಟೆಗೆ 60 ಮೈಲಿ ಮುಟ್ಟಿತು ಅಂತ ಬರೆದರು. ಅದರ ಬಾನೆಟ್ಟಿನ ಕೆಳಗೆ ಇದ್ದದ್ದು ಅಂಗಡಿಯಲ್ಲಿ ಸಿಗುವ 389 ಘನ ಇಂಚಿನ ಎಂಜಿನ್ ಅಲ್ಲ, ಸದ್ದಿಲ್ಲದೆ ಕೂರಿಸಿದ 421. ಕಂಪನಿಯ ಪ್ರಚಾರ ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸ್ ದಶಕಗಳ ನಂತರ ತಾವೇ ಒಪ್ಪಿಕೊಂಡರು. 2011ರಲ್ಲಿ ಬ್ರಿಟಿಷ್ ಬರಹಗಾರ ಕ್ರಿಸ್ ಹ್ಯಾರಿಸ್, ಟೆಸ್ಟಿಗೆ ಕೊಡುವ ಕಾರುಗಳನ್ನು ಫೆರಾರಿ ಹೇಗೆ ವಿಶೇಷವಾಗಿ ಸಜ್ಜು ಮಾಡಿ ಕಳಿಸುತ್ತದೆ ಅಂತ ಬಹಿರಂಗವಾಗಿ ಬರೆದುಬಿಟ್ಟರು. ಆಮೇಲೆ ಕೆಲಕಾಲ ಅವರಿಗೆ ಫೆರಾರಿ ಬಾಗಿಲು ಬಂದ್. ಕಾರು ಕೊಡೋನೂ ಅವನೇ, ಜಾಹೀರಾತು ಕೊಡೋನೂ ಅವನೇ ಆದರೆ ಎಷ್ಟು ಅಂತ ಬಾಯಿ ಬಿಡಲು ಆಗುತ್ತೆ?

ನಮ್ಮಲ್ಲಿ ಇನ್ನೂ ಕಹಿಯಾದದ್ದು 2014ರ ಜನವರಿ. ಕಾರುಗಳ ಸುರಕ್ಷತೆ ಪರೀಕ್ಷಿಸಿ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಸಿಎಪಿ ಅನ್ನೋ ಸಂಸ್ಥೆ ನಮ್ಮ ರಸ್ತೆಯ ಆಲ್ಟೊ 800, ಐ10, ನ್ಯಾನೊ, ಫಿಗೊ, ಪೋಲೊ ಗಾಡಿಗಳ ಕಡಿಮೆ ಬೆಲೆಯ ಮಾದರಿಗಳನ್ನು ಗೋಡೆಗೆ ಗುದ್ದಿಸಿ ತೋರಿಸಿತು. ಐದಕ್ಕೂ ಸೊನ್ನೆ ನಕ್ಷತ್ರ. ಅಷ್ಟು ವರ್ಷ ನಾನು ಓದಿದ ಪುಟಗಳಲ್ಲಿ ಪಿಕಪ್ ಇತ್ತು, ಗೇರ್ ಬೀಳೋ ನಯ ಇತ್ತು, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಹೇಗಿದೆ ಅಂತ ಪ್ಯಾರಾಗಟ್ಟಲೆ ಇತ್ತು. ಗುದ್ದಿದರೆ ಒಳಗಿದ್ದವರ ಗತಿ ಏನು ಅನ್ನೋದು ಇರಲಿಲ್ಲ. ಗೋಡೆಗೆ ಗುದ್ದಿಸೋ ದುಡ್ಡು ಪತ್ರಿಕೆಗಳ ಹತ್ತಿರ ಇರಲಿಲ್ಲ, ಒಪ್ಪುತ್ತೇನೆ. ಪ್ರಶ್ನೆ ಕೇಳೋಕೆ ದುಡ್ಡು ಬೇಕಿರಲಿಲ್ಲ. ಆ ಪರೀಕ್ಷೆ ಹೊರಗಿನವರು ಮಾಡಿದ ಮೇಲೆಯೇ ಇಲ್ಲಿ ಗಲಾಟೆ ಎದ್ದದ್ದು, ನಮ್ಮದೇ ಭಾರತ್ ಎನ್‌ಸಿಎಪಿ 2023ರಲ್ಲಿ ಬಂದದ್ದು.

ಈಗಿನ ಕಥೆಗೆ ಬರ್ತೀನಿ. ಅಕ್ಕನ ಮಗ ಹೊಸ ಕಾರು ತಗೊಳ್ಳೋ ಓಡಾಟದಲ್ಲಿದ್ದಾನೆ. "ಮಾವ, ನೀವು ಹಳೇ ಕಾಲದವರು. ಇಷ್ಟು ವಿಡಿಯೊ ಇರುವಾಗ ಪತ್ರಿಕೆ ಯಾಕೆ?" ಅಂದ. ಸರಿ ಕಣೋ, ಹಾಕು ನೋಡೋಣ ಅಂತ ಕೂತೆ. ಒಂದೇ ಕಾರಿನ ಬಗ್ಗೆ ಹತ್ತಾರು ವಿಡಿಯೊ. ಎಲ್ಲದರಲ್ಲೂ ಅದೇ ಸರೋವರ, ಅದೇ ಹೋಟೆಲ್ಲಿನ ಅಂಗಳ, ಅದೇ ಬಣ್ಣದ ಗಾಡಿ. ಎಲ್ಲವೂ ಒಂದೇ ದಿನ ಒಂದೇ ಗಂಟೆಗೆ ಅಪ್‌ಲೋಡ್ ಆಗಿವೆ, ಯಾಕೆಂದರೆ ಅಲ್ಲಿಯವರೆಗೆ ಬಾಯಿ ಬಿಡಬಾರದು ಅಂತ ಕಂಪನಿಯ ಎಂಬಾರ್ಗೊ. ಕಂಪನಿಯೇ ಟಿಕೆಟ್ ಕೊಟ್ಟು ಕರೆಸಿ, ಅರ್ಧ ದಿನ ಓಡಿಸಲು ಕೊಟ್ಟ ಗಾಡಿ. ಪತ್ರಿಕೆಯವರೂ ಇಂಥ ಟೂರಿಗೆ ಹೋಗುತ್ತಿದ್ದರು, ಅದನ್ನು ಫಸ್ಟ್ ಡ್ರೈವ್ ಅಂತ ಹಾಕುತ್ತಿದ್ದರು. ಆಮೇಲೆ ಗಾಡಿಯನ್ನು ಊರಿಗೆ ತರಿಸಿ ಪೂರ್ತಿ ಟೆಸ್ಟ್ ಮಾಡುತ್ತಿದ್ದರು. ಅದಾದ ಮೇಲೆ ಲಾಂಗ್ ಟರ್ಮ್: ತಿಂಗಳುಗಟ್ಟಲೆ ಇಟ್ಟುಕೊಂಡು ಸರ್ವಿಸ್ ಬಿಲ್ ಎಷ್ಟಾಯಿತು, ಯಾವ ಬಾಗಿಲು ಕಿರುಗುಟ್ಟೋಕೆ ಶುರುವಾಯಿತು, ಮಳೆಗಾಲದಲ್ಲಿ ಎಲ್ಲಿ ನೀರು ಬಂತು ಅಂತ ಬರೆಯೋದು. ಈಗ ಮೊದಲನೆಯದು ಮಾತ್ರ ಉಳಿದಿದೆ. ಬಾಗಿಲು ಕಿರುಗುಟ್ಟಿದ ವಿಡಿಯೊಗೆ ವ್ಯೂಸ್ ಬರಲ್ಲ. ಅಂಥ ವಿಡಿಯೊ ಬರೋ ಹೊತ್ತಿಗೆ ಕಂಪನಿ ಫೇಸ್‌ಲಿಫ್ಟ್, ಅಂದರೆ ಅದೇ ಗಾಡಿಯ ಹೊಸ ರೂಪ, ಬಿಟ್ಟಿರುತ್ತೆ.

ಒಂದು ಮಾತನ್ನಂತೂ ಹೇಳಲೇಬೇಕು. ಆ ಹೊಳೆಯುವ ಪತ್ರಿಕೆಗಳು ಹೆಚ್ಚುಕಮ್ಮಿ ಎಲ್ಲವೂ ಇಂಗ್ಲಿಷಿನವು. ಹಾವೇರಿಯಲ್ಲಿ ಬೊಲೆರೊ ತಗೊಳ್ಳೋರಿಗೆ ಅವು ಯಾವತ್ತೂ ಮುಟ್ಟಲಿಲ್ಲ. ಕನ್ನಡದಲ್ಲಿ ಕೂತು ಗ್ರೌಂಡ್ ಕ್ಲಿಯರೆನ್ಸ್ ಎಷ್ಟು, ಹಿಂದಿನ ಸೀಟಿಗೆ ಮೂರು ಜನ ಹಿಡೀತಾರಾ ಅಂತ ಮಾತಾಡೋಕೆ ಶುರು ಮಾಡಿದ್ದು ಯೂಟ್ಯೂಬಿನ ಹುಡುಗರು, ಹುಡುಗಿಯರು. ಸ್ವಂತ ದುಡ್ಡಲ್ಲಿ ಕಾರು ತಗೊಂಡವರು ವರ್ಷ ಕಳೆದ ಮೇಲೆ ಹಾಕೋ ವಿಡಿಯೊಗಳಂತೂ ಚಿನ್ನ. ಆದರೆ ಅದು ಒಬ್ಬರ ಒಂದು ಗಾಡಿ. ನಾಲ್ಕು ಗಾಡಿಯನ್ನು ಒಂದೇ ದಿನ ಒಂದೇ ರಸ್ತೆಯಲ್ಲಿ ಒಂದೇ ಭಾರ ಹೇರಿ ಓಡಿಸಿ ನೋಡೋದು ಒಬ್ಬರ ಕೈಲಿ ಆಗೋ ಮಾತಲ್ಲ.

ಹಾಗಾದರೆ ಮುದ್ರಣ ಪೂರ್ತಿ ಸಾಯುತ್ತಾ? ಸಾಯಲ್ಲ, ಸಾಹುಕಾರರ ಮನೆ ಸೇರುತ್ತೆ. ಬ್ರಿಟನ್ನಿನಲ್ಲಿ 'ಮ್ಯಾಗ್ನೆಟೊ', 'ದಿ ರೋಡ್ ರ‍್ಯಾಟ್' ಅಂತ ದಪ್ಪ ಕಾಗದದ, ದುಬಾರಿ ಪತ್ರಿಕೆಗಳು ಬರ್ತಿವೆ. ಅಮೆರಿಕದಲ್ಲಿ ಬರೀ ಪೋರ್ಷೆಗೆ ಅಂತಲೇ '000' ಇದೆ. ನೋಡೋಕೆ ಕಣ್ಣಿಗೆ ಹಬ್ಬ, ಬರಹವೂ ಗಟ್ಟಿ. ಆದರೆ ಅವು ಹಳೇ ಕಾರು ಸಂಗ್ರಹಿಸೋರ ಲೋಕ. ಕಂತು ಕಟ್ಟಿ ಕಾರು ತಗೊಳ್ಳೋನಿಗೆ ಅಲ್ಲಿ ಕೆಲಸವಿಲ್ಲ. ಅಮೆರಿಕದ ಹ್ಯಾಗರ್ಟಿ ಅನ್ನೋ ಹಳೇ ಕಾರುಗಳ ವಿಮಾ ಕಂಪನಿ ತನ್ನ ಕ್ಲಬ್ಬಿನ ಸದಸ್ಯರಿಗೆ ಪತ್ರಿಕೆ ಕಳಿಸುತ್ತೆ. ಪೋರ್ಷೆ ಕಂಪನಿಯ ಸ್ವಂತ ಪತ್ರಿಕೆ 'ಕ್ರಿಸ್ಟೊಫೊರಸ್' 1952ರಿಂದ ನಡೆದುಕೊಂಡು ಬಂದಿದೆ. ಹೀಗೇ ಹೋದರೆ ಕಾರು ಮಾರುವವರು ಮತ್ತು ವಿಮೆ ಮಾರುವವರು ಮಾತ್ರ ಕಾರಿನ ಪತ್ರಿಕೆ ಅಚ್ಚು ಹಾಕೋ ಕಾಲ ಬರುತ್ತೆ.

ಬೇರೆ ದಾರಿ ಇಲ್ಲವೇ ಇಲ್ಲ ಅಂತೇನಲ್ಲ. ಅಮೆರಿಕದ 'ಕನ್ಸ್ಯೂಮರ್ ರಿಪೋರ್ಟ್ಸ್' 1936ರಿಂದ ಇದೆ. ಜಾಹೀರಾತು ತಗೊಳ್ಳಲ್ಲ. ಕಾರನ್ನು ಕಂಪನಿಯಿಂದ ಕೇಳಲ್ಲ, ಹೆಸರು ಹೇಳದೆ ಶೋರೂಮಿಗೆ ಹೋಗಿ ನಮ್ಮ ನಿಮ್ಮ ಹಾಗೆ ದುಡ್ಡು ಕೊಟ್ಟು ತರುತ್ತೆ. ಕನೆಕ್ಟಿಕಟ್‌ನಲ್ಲಿ ಸ್ವಂತ ಟ್ರ್ಯಾಕ್ ಇಟ್ಟುಕೊಂಡು ಪರೀಕ್ಷೆ ಮಾಡುತ್ತೆ. ಇದಕ್ಕೆಲ್ಲ ದುಡ್ಡು ಚಂದಾದಾರರದ್ದು ಮತ್ತು ದಾನಿಗಳದ್ದು. ಅಷ್ಟು ದೊಡ್ಡದಾಗಿ ನಮ್ಮಲ್ಲಿ ಆಗಲಿಕ್ಕಿಲ್ಲ. ಚಿಕ್ಕದಾಗಿ ಯಾಕಾಗಬಾರದು?

ಕನ್ನಡದಲ್ಲಿ ಕಾರಿನ ಚಾನೆಲ್ ನಡೆಸುವ ಸ್ನೇಹಿತರು ಇಲ್ಲಿ ಕೆಲವರಿದ್ದೀರಿ, ನಿಮಗೇ ಹೇಳ್ತಿದ್ದೀನಿ. ನಾಲ್ಕೈದು ಜನ ಸೇರಿ. ಕಂಪನಿಯ ಗಾಡಿ ಬೇಡ, ಇತ್ತೀಚೆಗೆ ತಗೊಂಡ ಮಾಲೀಕರಿಂದ ಬಾಡಿಗೆಗೆ ಪಡೆಯಿರಿ. ಐದು ಜನ ಕೂತು, ಡಿಕ್ಕಿಗೆ ಅಕ್ಕಿ ಮೂಟೆ ಹಾಕಿ, ಎಸಿ ಹಾಕಿಕೊಂಡೇ ಚಾರ್ಮಾಡಿ ಘಾಟಿ ಹತ್ತಿಸಿ. ಯಾವ ಗೇರಿನಲ್ಲಿ ಹತ್ತಿತು ಅಂತ ಬರೆಯಿರಿ. ಟ್ಯಾಂಕಿನಿಂದ ಟ್ಯಾಂಕಿಗೆ ಮೈಲೇಜ್ ಅಳೆಯಿರಿ, ಮೀಟರ್ ತೋರಿಸಿದ್ದನ್ನು ನಂಬಬೇಡಿ. ರಾತ್ರಿ ಹೆಡ್‌ಲೈಟು ಎಷ್ಟು ದೂರ ಬೀಳುತ್ತೆ ನೋಡಿ. ಎಲ್ಕ್ ನಮ್ಮಲ್ಲಿಲ್ಲ, ಹೈವೇ ಮಧ್ಯೆ ಮಲಗಿರೋ ದನ ಇದೆ, ಅದಕ್ಕೂ ಒಂದು ಟೆಸ್ಟ್ ಮಾಡಿ. ರಸ್ತೆಯಲ್ಲಿ ಬೇಡ, ಖಾಲಿ ಮೈದಾನದಲ್ಲಿ, ಕೋನ್ ಇಟ್ಟು. ಮೂರು ತಿಂಗಳಿಗೊಂದು ಸಂಚಿಕೆಯಾದರೂ ಸಾಕು. ಪಿಡಿಎಫ್ ಆದರೂ ಸರಿ, ಕಾಗದವಾದರೂ ಸರಿ. ವರ್ಷದ ಚಂದಾ ಎಷ್ಟು ಅಂತ ತಿಳಿಸಿ, ಮೊದಲ ಹೆಸರು ನನ್ನದು ಬರೆದುಕೊಳ್ಳಿ.