ಸತ್ಯಾಂಶ: ಚರ್ಚಿನಲ್ಲಿ ರೊಟ್ಟಿ ತಿಂದರೆ ಮತ ಬದಲಾಗುತ್ತದೆಯೇ?

ಬೆಳಗಾವಿಯ ನಮ್ಮ ಗ್ರೂಪಿಗೆ ಒಂದು ಫಾರ್ವರ್ಡ್ ಮತ್ತೆ ಬಂದಿದೆ: ಚರ್ಚಿಗೆ ಹೋದವರಿಗೆಲ್ಲ ರೊಟ್ಟಿ ತಿನ್ನಿಸುತ್ತಾರೆ, ತಿಂದರೆ ಕ್ರೈಸ್ತರಾದ ಹಾಗೆ. ಇದು ಸುಳ್ಳು.

ಕಥೋಲಿಕ ಚರ್ಚಿನ ನಿಯಮ ಇದಕ್ಕೆ ಪೂರ್ತಿ ಉಲ್ಟಾ. ಗೋಧಿ ಹಿಟ್ಟಿನ, ಹುಳಿ ಬರಿಸದ, ನಾಣ್ಯದಷ್ಟು ಅಗಲದ ಆ ತೆಳ್ಳನೆ ಬಿಲ್ಲೆಗೆ ಪರಮಪ್ರಸಾದ ಎನ್ನುತ್ತಾರೆ. ಅದು ಅವರ ನಂಬಿಕೆಯಲ್ಲಿ ಯೇಸುವಿನ ದೇಹವೇ. ಹಾಗಾಗಿ ಬೇರೆ ಧರ್ಮದವರಿಗೆ ಕೊಡುವುದಿಲ್ಲ. ಗುಡಿಯಲ್ಲಿ ಪ್ರಸಾದ ಬೇಡ ಅನ್ನಬಾರದು ಅಂತ ಬೆಳೆದವರು ನಾವು, ಎಲ್ಲರೂ ಎದ್ದು ಸಾಲಿನಲ್ಲಿ ಹೊರಟಾಗ ಕಾಲು ತಾನಾಗೇ ಆ ಕಡೆ ಹೋಗುತ್ತದೆ ಅಲ್ವಾ, ಆದರೆ ಇಲ್ಲಿ ಬೆಂಚಿನಲ್ಲೇ ಕೂತಿರುವುದು ಮರ್ಯಾದೆ. ಯಾರೂ ತಪ್ಪು ತಿಳಿಯುವುದಿಲ್ಲ.

ಬಾಗಿಲ ಬಳಿಯ ತೀರ್ಥ ಮುಟ್ಟಲೇಬೇಕೆಂದಿಲ್ಲ. ಕಾಣಿಕೆಯೂ ಕಡ್ಡಾಯವಲ್ಲ.

ದೊಡ್ಡವರು ಕಥೋಲಿಕರಾಗಬೇಕಾದರೆ ತಾವಾಗಿ ಕೇಳಿಕೊಂಡು, ಎಷ್ಟೋ ತಿಂಗಳು ಕಲಿತು, ಆಮೇಲೆ ಜ್ಞಾನಸ್ನಾನ, ಅಂದರೆ ನೀರಿನಿಂದ ಕ್ರೈಸ್ತರಾಗಿ ಸೇರಿಸಿಕೊಳ್ಳುವ ವಿಧಿ, ಪಡೆಯಬೇಕು.

ನಮ್ಮೂರಿನ ಕ್ಯಾಂಪ್ ಪ್ರದೇಶದ ಫಾತಿಮಾ ಕಥೆಡ್ರಲ್ 1953ರಲ್ಲಿ ಶುರುವಾದ ಬೆಳಗಾವಿ ಧರ್ಮಪ್ರಾಂತ್ಯದ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ಮುಖ್ಯ ಚರ್ಚು. ಭಾನುವಾರದ ಪೂಜೆ ನೋಡುವ ಆಸೆಯಿದ್ದರೆ ಫೋನ್ ಸೈಲೆಂಟ್ ಮಾಡಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಉಳಿದವರು ಎದ್ದಾಗ ಎದ್ದು ನಿಂತರೆ ಸಾಕು, ಮೊಣಕಾಲೂರುವುದು ಬೇಡ. ನಡುವೆ ಪಕ್ಕದವರು ನಿಮ್ಮ ಕಡೆ ತಿರುಗಿ ಕೈಮುಗಿಯುತ್ತಾರೆ, ಅದು ಶಾಂತಿ ಹಾರೈಸುವ ಹೊತ್ತು. ನೀವೂ ಕೈಮುಗಿಯಿರಿ.